ಬಸಣ್ಣ ಕಾಕಾನ ‘ಬೇಕಾಗಿದ್ದಾರೆ’

ಎದುರಿಗೆ ಕುಳಿತವನ ಮುಖ ನೋಡಿ ಮಾತನಾಡುವುದು ಬಸಣ್ಣ ಕಾಕಾರಿಗೆ ಒಗ್ಗುತ್ತಲೇ ಇರಲಿಲ್ಲ. ಕೆಲಸ ಕೇಳಿಕೊಂಡು ಬಂದವನನ್ನು ಕುರ್ಚಿಯಲ್ಲಿ ಕೂರಿಸಿ, ‘ನನ್ನ ನಂಬರಿಗೆ ಒಂದ್ ಹಾಯ್ ಕಳಸಪಾ’ ಎನ್ನುತ್ತಿದ್ದರು. ಹಾಯ್ ಬಂದ ಮೇಲೆ ಕನ್ನಡಕ ಹಣೆಗೇರಿಸಿ, ಅವನ ವಾಟ್ಸಾಪ್ ಡಿಪಿಯ ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದರು. ಆ ಮುಖದ ಒಡೆಯ ಮಾರು ದೂರದಲ್ಲೇ ಬೆವರು ಒರೆಸಿಕೊಳ್ಳುತ್ತ ಕುಳಿತಿರುತ್ತಿದ್ದ.

ಗೋಕಾಕದ ಬಸ್‌ಸ್ಟ್ಯಾಂಡ್ ಹತ್ತಿರ ಅವರದು ಪೈಪು, ಪಂಪ್‌ಸೆಟ್ಟಿನ ಅಂಗಡಿ. ಪಕ್ಕದಲ್ಲೇ ನನ್ನ ಝೆರಾಕ್ಸ್ ಅಂಗಡಿ. ಹೀಗಾಗಿ ಅವರ ನೇಮಕಾತಿ ಶಾಸ್ತ್ರವನ್ನು ನಾನು ಪುಕ್ಕಟೆಯಾಗಿ ಕಲಿತೆ. ಡಿಪಿಗೆ ದೇವರ ಫೋಟೊ ಇಟ್ಟವನು ನಿಯತ್ತಿನವನು. ಕಪ್ಪು ಕನ್ನಡಕ ಹಾಕಿ ಬೈಕಿನ ಮೇಲೆ ಕೂತವನು ಮಾಲೀಕನಾಗಲು ಹುಟ್ಟಿದವನು, ಬೇಡ. ಫೋಟೊನೇ ಇಲ್ಲದವನು ಏನನ್ನೋ ಮುಚ್ಚಿಡುತ್ತಿದ್ದಾನೆ. ಹತ್ತರಗಿಯ ಒಬ್ಬನನ್ನು, ದಿನಾ ನಸುಕಿನಲ್ಲಿ ಹನುಮಪ್ಪನ ಫೋಟೊ ಹಚ್ಚಿ ‘ಶುಭೋದಯ’ ಕಳಿಸುತ್ತಾನೆಂಬ ಒಂದೇ ಗುಣಕ್ಕೆ ಸೇರಿಸಿಕೊಂಡರು. ಅವನು ಅಂಗಡಿಯಲ್ಲೂ ದಿನವಿಡೀ ಊರಿಗೆಲ್ಲ ಶುಭ ಕೋರುತ್ತಲೇ ಇದ್ದ. ಗಿರಾಕಿ ಕೂಗಿದರೂ ತಲೆ ಎತ್ತುತ್ತಿರಲಿಲ್ಲ.

ಅಂಗಡಿ ನಿಜವಾಗಿ ನಡೆಯುತ್ತಿದ್ದುದು ಶಂಕ್ರಪ್ಪನಿಂದ. ಕುಲಗೋಡದಿಂದ ಮೊದಲ ಬಸ್ಸಿಗೆ ಬಂದು ಶಟರ್ ಎತ್ತುತ್ತಿದ್ದ. ಅಲ್ಲಿ ದುಡಿದೇ ತಲೆ ನರೆತಿತ್ತು. ಅವನ ಬಳಿ ಇದ್ದುದು ಬಟನ್ ಫೋನು. ಅದೇ ಅವನಿಗೆ ಮುಳುವಾಯಿತು. ‘ಡಿಪಿ ಇಲ್ಲದ ಮನಶ್ಯಾನ್ನ ಇಟಗೊಂಡು ಎಷ್ಟ ದಿನಾ ವ್ಯಾಪಾರ ಮಾಡೋದು’ ಎಂದು ಕಾಕಾ ಅಂದಾಗ ನಾನು ತಮಾಷೆ ಎಂದುಕೊಂಡೆ.

ತಮಾಷೆಯಾಗಿರಲಿಲ್ಲ. ಒಂದು ಸಂಜೆ ಶಂಕ್ರಪ್ಪ ಬಸ್ ಹತ್ತಿದ ಮೇಲೆ, ಅವನಿಗೆ ಒಂದು ಮಾತೂ ತಿಳಿಸದೆ, ಸುತ್ತಲಿನ ಮೂರು ತಾಲೂಕಿನ ವಾಟ್ಸಾಪ್ ಗ್ರೂಪುಗಳಿಗೆ ಜಾಹೀರಾತು ಬಿಟ್ಟರು. ಮೊಬೈಲಿನಲ್ಲಿ ತಾವೇ ತಯಾರಿಸಿದ್ದು. ಚೆಂದ ಕಂಡಿತೆಂದು ಆರಿಸಿದ ಚೌಕಟ್ಟಿನ ಸುತ್ತ ಹೂವಿನ ಮಾಲೆ, ಎರಡೂ ಬದಿಗೆ ಉರಿಯುವ ದೀಪ. ಕೆಲಸ ಎಂಥದೆಂದು ಗೊತ್ತಾಗಲಿ ಎಂದು, ನಡುವೆ ಪೈಪಿನ ರಾಶಿಯ ಮುಂದೆ ನಿಂತ ಶಂಕ್ರಪ್ಪನ ಫೋಟೊ. ಕೆಳಗೆ ಸಣ್ಣ ಅಕ್ಷರದಲ್ಲಿ, ‘ನಮ್ಮ ಶಂಕ್ರಪ್ಪನವರ ಸ್ಥಾನ ತುಂಬಲು ಯೋಗ್ಯರು ಬೇಕಾಗಿದ್ದಾರೆ.’

ನಮ್ಮ ಕಡೆ ಹೂಮಾಲೆಯ ನಡುವೆ ಮುಖ ಕಂಡರೆ ಕೆಳಗಿನದನ್ನು ಯಾರೂ ಓದುವುದಿಲ್ಲ. ಬೆರಳು ತಾನಾಗಿಯೇ ‘ಓಂ ಶಾಂತಿ’ ಒತ್ತುತ್ತದೆ. ಮೂಡಲಗಿಯಿಂದ ಹುಕ್ಕೇರಿಯವರೆಗೆ ಓಂ ಶಾಂತಿ ಸುರಿಯಿತು. ಬೆಳಿಗ್ಗೆ ಮಸಗುಪ್ಪಿಯ ಹಳೆಯ ಗಿರಾಕಿಗಳು ಹಾರ ಹಿಡಿದು ಅಂಗಡಿಗೆ ಬಂದರೆ, ಶಟರ್ ಎತ್ತುತ್ತಿದ್ದವನು ಶಂಕ್ರಪ್ಪ.

ಅವರೇ ಅವನಿಗೆ ಫೋನು ತೋರಿಸಿದರು. ಅವನು ಸಣ್ಣ ಅಕ್ಷರವನ್ನೂ ಬಿಡದೆ ಓದಿದ. ನಗು ತಡೆದುಕೊಂಡು ಬಾಗಿಲಿಗೆ ಬಂದಿದ್ದ ನಾನು ಅವನ ಮುಖ ನೋಡಿ, ಗಿರಾಕಿಗಳ ಕೈಯಲ್ಲಿದ್ದ ಹಾರ ಇಸಿದುಕೊಂಡು ಮರೆಗಿಟ್ಟೆ. ಕಾಕಾ ಬಂದವರೇ, ಡಿಸೈನ್ ತಪ್ಪಿದೆ, ಇವತ್ತೇ ಬೇರೆಯದು ಹಾಕುತ್ತೇನೆ ಎಂದು ಸಮಾಧಾನ ಹೇಳತೊಡಗಿದರು. ತಪ್ಪು ಅವರಿಗೆ ಕಂಡದ್ದು ಡಿಸೈನಿನಲ್ಲಿ ಮಾತ್ರ.

‘ನಾ ಖರೇನ ಸತ್ತಿದ್ರ ಒಂದ್ ದಿನಾ ಅಂಗಡಿ ಬಂದ್ ಇಡತಿದ್ರಿ ಕಾಕಾ,’ ಅಂದ ಶಂಕ್ರಪ್ಪ. ‘ಅಷ್ಟ ಮರ್ಯಾದಿನೂ ಸಿಗಲಿಲ್ಲ ನೋಡ್ರಿ ನನಗ.’ ಕೀಲಿಕೈಯನ್ನು ಗಲ್ಲಾದ ಮೇಲಿಟ್ಟು ಹೊರಟುಬಿಟ್ಟ.

ಎದುರು ಸಾಲಿನಲ್ಲಿ ಪಂಪ್ ರಿಪೇರಿಯ ಸಣ್ಣ ಅಂಗಡಿ ಹಾಕಿದ. ಕಾಕಾ ಜಾಹೀರಾತು ಹಾಕುತ್ತಲೇ ಹೋದರು. ಬಂದ ಹುಡುಗರು, ಬದುಕಿದ್ದವನಿಗೆ ಮಾಲೆ ಹಾಕಿದ ಅಂಗಡಿ ಇದೇನಾ ಎಂದು ನನ್ನಲ್ಲಿ ವಿಚಾರಿಸಿ, ಹಾಗೇ ತಿರುಗಿ ಹೋಗುತ್ತಿದ್ದರು. ಈಗಿನವರಿಗೆ ದುಡಿಯುವ ಮನಸ್ಸಿಲ್ಲ ಎಂದು ಕಾಕಾ ಅದಕ್ಕೂ ಒಂದು ಸ್ಟೇಟಸ್ ಇಟ್ಟರು. ಸಿಟ್ಟು ಬರುತ್ತಿತ್ತು ನನಗೆ. ಆದರೂ ದಿನಾ ಮಧ್ಯಾಹ್ನ ತಾವಾಗಿಯೇ ನನಗೊಂದು ಚಹಾ ಕಳಿಸುತ್ತಿದ್ದ ಆ ಮನುಷ್ಯನನ್ನು ಪೂರ್ತಿ ದ್ವೇಷಿಸಲು ಆಗಲಿಲ್ಲ.

ಹೋದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಮಗ ಅಪ್ಪನ ಫೋನಿನಿಂದಲೇ, ಅದೇ ಹೂಮಾಲೆಯ ಚೌಕಟ್ಟಿನಲ್ಲಿ, ಅವರ ಫೋಟೊ ಹಾಕಿದ. ಬಹಳ ಹೊತ್ತು ಯಾರೂ ಓಂ ಶಾಂತಿ ಅನ್ನಲಿಲ್ಲ. ಆ ನಂಬರಿನಿಂದ ಬಂದದ್ದೆಲ್ಲ ಕೆಲಸದ ಜಾಹೀರಾತು ಎಂದೇ ಜನಕ್ಕೆ ರೂಢಿಯಾಗಿತ್ತು. ಕೊನೆಗೆ ಹುಕ್ಕೇರಿಯ ಯಾವನೋ ಒಬ್ಬ ಕೇಳಿದ: ‘ಪಗಾರ ಎಷ್ಟರಿ?’

ಉತ್ತರ ಬಂದದ್ದು ಶಂಕ್ರಪ್ಪನಿಂದ. ಗಿರಾಕಿಗಳ ಸಲುವಾಗಿ ಈಗ ಅವನೂ ದೊಡ್ಡ ಫೋನು ಇಟ್ಟುಕೊಂಡಿದ್ದಾನೆ. ‘ಇದು ಕೆಲಸದ್ದಲ್ಲ ತಮ್ಮಾ. ಕಾಕಾ ಖರೇನ ಹೋಗ್ಯಾರ.’

ನಾನು ಓದಿ ತಲೆ ಎತ್ತಿದಾಗ ಅವನು ತನ್ನ ಅಂಗಡಿಯ ಶಟರ್ ಎಳೆಯುತ್ತಿದ್ದ. ಆ ದಿನವೆಲ್ಲ ಅದನ್ನು ತೆಗೆಯಲಿಲ್ಲ.