ಘಟನೋತ್ತರ ಅನುಮೋದನೆ

ಅಥವಾ ಅವತ್ತು ನನ್ನ ಪಾಠ ಬೆಳಿಗ್ಗೆ, ಅಧ್ಯಾಪಕರ ಸಭೆ ಸಂಜೆ ಎಂಬುದನ್ನೂ ನಾನೇ ಆಮೇಲೆ ಹೊಂದಿಸಿಕೊಂಡೆನೋ ಏನೋ. ಎರಡೂ ಒಂದೇ ದಿನ ಬಿದ್ದರೆ ಕತೆ ಚೆನ್ನಾಗಿ ಕೂರುತ್ತದೆ; ಅದಕ್ಕೇ ಅನುಮಾನ.

ಎಪ್ಪತ್ತರ ದಶಕದ ಕೊನೆ, ನಂಜನಗೂಡಿನ ಒಂದು ಖಾಸಗಿ ಕಾಲೇಜು. ನಾನಲ್ಲಿ ಇತಿಹಾಸದ ಮೇಷ್ಟ್ರು. ನನಗಿಂತ ಕಿರಿಯನಾದ ತಾತ್ಕಾಲಿಕ ಇತಿಹಾಸ ಅಧ್ಯಾಪಕನೊಬ್ಬ ದಿನಾ ಟಿ. ನರಸೀಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ. ಕಾಲೇಜಿನ ಕಾರ್ಯದರ್ಶಿಗಳ ಅಣ್ಣನ ಮಗನಿಗೆ ಬಾರದ ದಿನಗಳ ಹಾಜರಿ ಹಾಕಲು ಅವನು ಒಪ್ಪಲಿಲ್ಲ. ಅಧ್ಯಾಪಕರ ಮಂಡಳಿಯನ್ನು ಕೇಳದೆ ಯಾರನ್ನೂ ತೆಗೆಯುವಂತಿಲ್ಲ ಎಂಬ ನಿಯಮವಿತ್ತು. ಕೇಳದೆಯೇ ತೆಗೆದರು. ಅವನ ತರಗತಿ, ಅವನ ನೋಟ್ಸು ಎರಡೂ ನನ್ನ ಪಾಲಿಗೆ ಬಂದವು.

ನೋಟ್ಸಿನಲ್ಲಿ ಹತ್ತೊಂಬತ್ತನೆಯ ಶತಮಾನದ ಜರ್ಮನಿಯ ಉದಾರವಾದಿಗಳಿದ್ದರು. ಅಲ್ಲಿನ ಪ್ರಷ್ಯ ರಾಜ್ಯದ ಶಾಸನಸಭೆಯಲ್ಲಿ ಬಹುಮತ ಅವರದೇ. ಸೈನ್ಯದ ಖರ್ಚಿಗೆ ಒಪ್ಪಿಗೆ ಕೊಡಲಿಲ್ಲ. ರಾಜನ ಮಂತ್ರಿ ಒಪ್ಪಿಗೆಯಿಲ್ಲದೆಯೇ ವರ್ಷಗಟ್ಟಲೆ ಖರ್ಚು ಮಾಡಿದ, ಯುದ್ಧ ಗೆದ್ದು ಬಂದ, ಆಗಿಹೋದದ್ದಕ್ಕೆಲ್ಲ ಈಗ ಒಪ್ಪಿಗೆ ಕೊಡಿ ಎಂದ. ಕೊಟ್ಟರು. ಪಕ್ಷ ಎರಡಾಯಿತು. ಒಪ್ಪಿದವರು ಕೆಲಕಾಲ ಮಂತ್ರಿಗೆ ಬೇಕಾದವರಾಗಿ ಬೆಳೆದರು, ಬೇಡವಾದಾಗ ಮತ್ತೆ ಒಡೆದು ಸೊರಗಿದರು. "ಬೆನ್ನೆಲುಬಿಲ್ಲದವರು" ಎಂದು ಬೆಳಿಗ್ಗೆ ತರಗತಿಯಲ್ಲಿ ಮೇಜು ಗುದ್ದಿದೆ.

ಅತ್ತ ಕಾರ್ಯದರ್ಶಿಗಳೂ ಬೆಂಗಳೂರಿನಿಂದ ಗೆದ್ದು ಬಂದಿದ್ದರು: ಕಾಲೇಜಿಗೆ ಸರ್ಕಾರದ ಅನುದಾನ. ಇನ್ನು ತಿಂಗಳು ತಿಂಗಳೂ ಸರಿಯಾಗಿ ಸಂಬಳ. ಅದೇ ಸಂಜೆಯ ಮಂಡಳಿಯ ಸಭೆಗೆ ರಸಬಾಳೆ ತರಿಸಿದ್ದರು. ತೆಗೆದದ್ದಕ್ಕೆ ನಾವು ಒಪ್ಪದಿದ್ದರೆ ಆ ಕಿರಿಯ ಅಧ್ಯಾಪಕನ ಕೆಲಸ ಉಳಿಯುತ್ತಿತ್ತು.

"ಗ್ರಾಂಟು ತಂದಿವ್ನಿ ಕಣ್ರೀ ಮೇಷ್ಟ್ರೇ. ಅವುನ್ನ ಕಳ್ಸಿದ್ದುಕ್ಕೆ ಒಂದು ಘಟನೋತ್ತರ ಅನುಮೋದನೆ ಆಕ್ಬುಡಿ. ಎತ್ತಿ ಕೈಯ!"

"ಕೈಯಲ್ಲಿ ಹಣ್ಣಿದೆಯಲ್ಲಾ ಸಾರ್," ಎಂದರು ಸಂಸ್ಕೃತ ಮೇಷ್ಟ್ರು.

"ಇನ್ನೊಂದ್ ಕೈ ಸುಮ್ಕೆ ಕೂತದಲ್ಲ, ಅದುನ್ನೇ ಎತ್ತಿ."

ಇಬ್ಬರು ಕೂಗಾಡಿ ಎದ್ದುಹೋಗಿ ಬೇರೆ ಸಂಘ ಕಟ್ಟಿದರು: ಒಬ್ಬರು ಅಧ್ಯಕ್ಷರು, ಒಬ್ಬರು ಉಪಾಧ್ಯಕ್ಷರು. ಉಳಿದವರ ಮಂಡಳಿಯನ್ನು ಆಮೇಲೆ ಯಾರೂ ಯಾವುದಕ್ಕೂ ಕರೆಯಲಿಲ್ಲ.

ಎಂಬತ್ತರ ಈಚೆಗೆ ಆ ಕಿರಿಯ ಅಧ್ಯಾಪಕ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಟ್ಯುಟೋರಿಯಲ್ ನಡೆಸುತ್ತಿದ್ದನಂತೆ. ನೋಟ್ಸು ವಾಪಸ್ಸು ಕೊಡುತ್ತೇನೆ ಎಂದೆ.

"ಇಟ್ಕಳಿ ಸಾ, ನಿಮ್ಗೇ ಬೇಕಾಯ್ತದೆ. ಒಂದ್ ಮಾತ್ ಕೇಳ್ತೀನಿ. ಅವತ್ತು ನೀವೂ ಎತ್ತುದ್ರಾ?"

ಬಸ್ಸು ಹೊರಟಿತೆಂದು ಹತ್ತಿಬಿಟ್ಟೆ. ಹೊರಟಿರಲಿಲ್ಲ, ಕಂಡಕ್ಟರ್ ಇನ್ನೂ ಕಾಫಿ ಕುಡಿಯುತ್ತಿದ್ದ.

ಮಾರನೆಯ ದಿನ ಆ ಸಭೆಯ ನಡಾವಳಿ ಪುಸ್ತಕ ತೆಗೆಸಿ ನೋಡಿದೆ. 'ಸರ್ವಾನುಮತದಿಂದ' ಎಂದು ಬರೆದಿತ್ತು, ಎದ್ದುಹೋದ ಇಬ್ಬರನ್ನೂ ಸೇರಿಸಿ. ಹಣ್ಣು ತಿಂದದ್ದು ನೆನಪಿದೆ. ಕೈ ಎತ್ತಿದೆನೋ ಇಲ್ಲವೋ, ನನಗೆ ಗೊತ್ತಿಲ್ಲ.