ಗಿಣ್ಣು ತಿಂದ ಬಾಯಿ

ಮಾರ್ಕೋನಹಳ್ಳಿಯ ಆಶಾ ಕಾರ್ಯಕರ್ತೆ ಪುಟ್ಟಗಂಗಮ್ಮನ ಬಾಯಿಗೆ ಹದಿನಾಲ್ಕು ವರ್ಷದಿಂದ ಊರಿನ ಅಜ್ಜಿಯರೆಲ್ಲ ಹೆದರುತ್ತಾರೆ. ಬಸುರಿಯರ ಹತ್ತಿರ ಬೆಣ್ಣೆಯಂಥ ಮಾತು, ಅಜ್ಜಿಯರ ಹತ್ತಿರ ಬರೀ ಮೆಣಸಿನಕಾಯಿ.

ಮೊನ್ನೆ ಕುಣಿಗಲ್ಲಿನ ಹೆರಿಗೆ ವಾರ್ಡಿನಲ್ಲಿ ಇಂಪನಾ ಹೆತ್ತು ಇನ್ನೂ ಗಂಟೆಯಾಗಿರಲಿಲ್ಲ. ಅವಳ ಅಜ್ಜಿ ತಿಪ್ಪಮ್ಮ, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಲು ಹೇಳಿ, ಕೂಸಿಗೆಂದು ಸಕ್ಕರೆ ನೀರು ಕಲಸುತ್ತಿದ್ದಳು.

"ಅದು ಕೆಟ್ಟ ಹಾಲು ಕಣವ್ವ, ಕೂಸಿಗೆ ಅರಗಲ್ಲ," ಎಂದಳು.

ಪುಟ್ಟಗಂಗಮ್ಮನ ಪಿತ್ತ ನೆತ್ತಿಗೇರಿತು. "ಹೋದ್ವಾರ ನಿನ್ ಹಸ ಈದಾಗ ಅಂಥದ್ದೇ ಹಾಲಲ್ಲಿ ಗಿಣ್ಣು ಮಾಡ್ಕೊಂಡು, ಕರುಗೂ ಬುಡದೆ ಬಟ್ಟಲು ನೆಕ್ಕಿದ್ಯಲ್ಲಜ್ಜಿ! ಹಲ್ಲಿಲ್ದಿರೋ ನಿಂಗೆ ಅರಗಿದ್ದು ಹಲ್ಲಿಲ್ದಿರೋ ಮರಿಮಗನಿಗೆ ಅರಗಲ್ವಾ?"

ವಾರ್ಡಿನ ಬಾಣಂತಿಯರೆಲ್ಲ ಹೊಲಿಗೆ ಹಿಡಿದುಕೊಂಡು ನಕ್ಕರು. ಕೂಸು ಮೊಲೆಗೆ ಬಾಯಿ ಹಾಕಿತು. ತಿಪ್ಪಮ್ಮ ಸಕ್ಕರೆ ನೀರನ್ನು ತಾನೇ ಗಟಗಟ ಕುಡಿದಳು.