ಏಳನೇ ನಂಬರಿನ ತಕರಾರು

ಸಮಸ್ತ ಮಿತ್ರರ ಗಮನಕ್ಕೆ! ನಮ್ಮ ಮಂಗಳೂರಿನ ಕಾಲೇಜು ಫುಟ್‌ಬಾಲ್ ತಂಡದಲ್ಲಿ ಯಾವ ಜೆರ್ಸಿ ನಂಬರಿಗೆ ಯಾರು ಸರ್ವಶ್ರೇಷ್ಠ ಎಂಬ ಐತಿಹಾಸಿಕ ಪಟ್ಟಿಯನ್ನು ಇಂದು ಬೆಳಿಗ್ಗೆ ನೆದರ್ಲೆಂಡ್ಸಿನ ಡೀಮೆನ್‌ನ ನನ್ನ ಅಡುಗೆಮನೆಯಿಂದ ವಾಟ್ಸಾಪ್ ಗುಂಪಿಗೆ ಬಿಡುಗಡೆ ಮಾಡಿದೆ.

ಏಳನೇ ನಂಬರಿಗೆ ಬೇಕೆಂದೇ ರೋಶನ್ ಹೆಸರು ಹಾಕಿದ್ದೆ. ಏಳು ಪ್ರವೀಣನದ್ದು ಎಂಬುದು ಗೋಲ್‌ಪೋಸ್ಟಿಗೂ ಗೊತ್ತು. ಆದರೆ ಪ್ರವೀಣ ಎರಡು ದಿನದಿಂದ ಮಂಗಳೂರಿನ ಕೋವಿಡ್ ವಾರ್ಡಿನಲ್ಲಿದ್ದಾನೆ, ನಿನ್ನೆಯಿಂದ ಸುದ್ದಿಯಿಲ್ಲ. ಸಿಟ್ಟು ಬಂದಾದರೂ ಬೈಯಲಿ ಎಂಬುದು ನನ್ನ ಉಪಾಯ. ಏಳರ ವಿಷಯದಲ್ಲಿ ಅವನು ಒಂದು ನಿಮಿಷವೂ ಸುಮ್ಮನಿದ್ದವನಲ್ಲ.

ಒಂದು ಗಂಟೆ ಕಳೆಯಿತು, ಎಲ್ಲರಿಗೂ ತಲುಪಿತೆನ್ನುವ ಎರಡನೇ ಟಿಕ್ ಬೀಳಲಿಲ್ಲ. ಮೂರು ಗಂಟೆ ಕಳೆದರೂ ಇಲ್ಲ.

ದ ಹೇಗ್‌ನಿಂದ ರೋಶನ್ ಫೋನು ಮಾಡಿದ. "ನನ್ನ ಹೆಸರು ತೆಗಿ ಮಾರಾಯ."

"ಇಪ್ಪತ್ತು ವರ್ಷದಿಂದ ಏಳು ನಂದು ಅಂತ ಗಲಾಟೆ ಮಾಡಿದ್ದು ನೀನೇ ಅಲ್ವನಾ?"

"ಅದು ಅವ ಎದುರು ಜಗಳಕ್ಕೆ ಇರುವಾಗ. ಈಗ ಬೇಡ. ನಂಗೆ ಹೆದರಿಕೆ ಆಗ್ತದೆ."

ನನಗೂ ಆಗುತ್ತಿತ್ತು. ತೆಗೆದೆ.

ಮನೆಯಲ್ಲೇ ಕ್ವಾರಂಟೈನ್ ಆಗಿರುವ ಪ್ರವೀಣನ ಹೆಂಡತಿಗೆ ಫೋನು ಮಾಡಿದೆವು. ಅವರಿಗೂ ನಿನ್ನೆಯಿಂದ ಅವನ ಫೋನು ಬಂದಿಲ್ಲ; ಅವನ ಚಾರ್ಜರ್ ಮನೆಯಲ್ಲೇ ಉಳಿದಿದೆಯಂತೆ. ಅವನ ಮೌನಕ್ಕೆ ಇದೊಂದೇ ಕಾರಣವೆಂದು ನಾನು ಮತ್ತು ರೋಶನ್ ಸರ್ವಾನುಮತದಿಂದ ನಿರ್ಣಯಿಸಿದ್ದೇವೆ. ಬೇರೆ ಕಾರಣಗಳನ್ನು ಚರ್ಚೆಗೆ ತೆಗೆದುಕೊಳ್ಳಲಾಗುವುದಿಲ್ಲ.

ಮಂಗಳೂರಿನಲ್ಲಿರುವವರು ಯಾರಾದರೂ ಇಂದೇ ಒಂದು ಚಾರ್ಜರನ್ನು ಆಸ್ಪತ್ರೆಯ ಗೇಟಿಗೆ ತಲುಪಿಸುತ್ತೀರಾ? ವಿಳಾಸ ಇನ್‌ಬಾಕ್ಸಿನಲ್ಲಿ ಕೊಡುತ್ತೇನೆ. ವೈರು ಉದ್ದದ್ದಿರಲಿ. ಮಲಗಿಕೊಂಡೇ ಅವನು ನನಗೆ ಬೈಯುವುದು ಬಹಳ ಇದೆ.